ಕರಕರ ಎನ್ನುವ ರೀಲು

ಅಳಿವೆಯ ಕಲ್ಲುಕಟ್ಟೆಯ ಮೇಲೆ ನಿಂತು ಗಾಳ ಹಾಕುವ ವಲೇರಿಯನ್ನನ ಬಳಿ ದಾರ ಸುತ್ತುವ ರೀಲುಗಳು ಎರಡಿದ್ದವು, ಒಂದು ಹಳತು, ಒಂದು ಹೊಸತು. ಉಪ್ಪುನೀರು ಎರಡರೊಳಗೂ ಇಳಿಯುತ್ತಿತ್ತು. ಚಕ್ರದ ಹಲ್ಲಿನ ಸಂದಿಯಲ್ಲಿ ಒಂದು ಉಪ್ಪಿನ ಹರಳು ಸಿಕ್ಕಿದರೂ ಸಾಕು, ಹಳೆಯದು ಕರಕರ ಎನ್ನುತ್ತಿತ್ತು. "ಶುರುವಾಯ್ತು ಇದರ ರಗಳೆ!" ಎಂದು ಬೈಯುತ್ತಲೇ ವಲೇರಿಯನ್ ಅದನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಡುತ್ತಿದ್ದ. ಹೊಸದನ್ನು ಮಾತ್ರ, "ಇದು ಚಿನ್ನದಂಥದ್ದು, ಒಂದು ಸದ್ದಿಲ್ಲ" ಎಂದು ಬಿಚ್ಚದೆ, ಹೊರಗಿನಿಂದಷ್ಟೇ ಒರೆಸಿ ಚೀಲದೊಳಗಿಡುತ್ತಿದ್ದ.

"ಅಜ್ಜ, ನಿಮಗೆ ನಾಚಿಕೆಯಾಗುವುದಿಲ್ಲವೇ?" ಎಂದು ಚೀಲದಲ್ಲಿ ಹೊಸದು ಕೇಳಿತು. "ನನ್ನೊಳಗೂ ಉಪ್ಪಿದೆ. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೇನೆ."

"ನಾನು ನಾಳೆಯೂ ತಿರುಗಬೇಕು" ಎಂದಿತು ಹಳೆಯದು. "ಬೈಸಿಕೊಂಡೇನು, ಉಪ್ಪನ್ನು ಮಾತ್ರ ಒಳಗೆ ಇಟ್ಟುಕೊಳ್ಳಲಾರೆ. ನೀನೂ ಕೂಗು."

ಹೊಸದು ಕೂಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ದೊಡ್ಡದೊಂದು ಕೆಂಬೇರಿ ಮೀನು ಗಾಳ ಕಚ್ಚಿ ಎಳೆಯಿತು. ಹೊಸ ರೀಲು ದಾರ ಬಿಡಲು ಹೊರಟಿತು, ಆದರೆ ಒಳಗಿನ ಚಕ್ರ ಅಲುಗಲಿಲ್ಲ. ದಾರ ಪಟ್ಟೆಂದು ಹರಿಯಿತು. ವಲೇರಿಯನ್ ರೀಲನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು.

"ಒಂದು ದಿನವಾದರೂ ಸದ್ದು ಮಾಡಬಾರದಿತ್ತಾ ಮಾರಾಯಾ?" ಎಂದವನು ಅದನ್ನು ಕಲ್ಲಿನ ಮೇಲಿಟ್ಟು, ಹಳೆಯದನ್ನು ಗಾಳದ ಕೋಲಿಗೆ ಸಿಕ್ಕಿಸಿದ.

ಮೊದಲ ಎಸೆತಕ್ಕೇ ಅದು ಕರಕರ ಎಂದಿತು. ಈ ಸಲ ಅವನು ಬೈಯಲಿಲ್ಲ, ಎಣ್ಣೆ ಡಬ್ಬಿಗೆ ಕೈ ಹಾಕಿದ.