ಗಂಗಮಾಳವ್ವ ದಾಟಿಸಿದ ವೀಳ್ಯ

ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲ. ಈಗ ನಾನಿರುವಲ್ಲಿಂದ ಬಹಳ ದೂರ, ನಾನು ಹುಟ್ಟಿದ ಸೀಮೆಯಲ್ಲಿ ಒಂದೂರು. ಆ ಊರಲ್ಲಿ ಅಂಬಿಗರ ಗಂಗಮಾಳವ್ವ ಅಂತ ಒಬ್ಬಳಿದ್ದಳಂತೆ. ಹರಿಗೋಲು ಹಾಕುವವಳು. ಕಣ್ಣಿಗೆ ಬಟ್ಟೆ ಕಟ್ಟಿದರೂ ನೀರಿನ ಸದ್ದು ಕೇಳಿಯೇ ದಡ ಮುಟ್ಟಿಸುತ್ತಿದ್ದಳಂತೆ.

ಅದೇ ಕಾಲದಲ್ಲಿ ಬೂದಿಗುಂಡ ಅಂತ ಒಬ್ಬ ಪಾಪಿ. ಅವನ ಕಡೆಯವರು ಯಾವ ಊರಬಾಗಿಲಲ್ಲಿ ಬೂದಿ ಚೆಲ್ಲಿದರೋ ಆ ಊರು ನಾಲ್ಕನೆಯ ದಿನ ಉರಿಯುತ್ತಿತ್ತು. ದೋಚುವುದಕ್ಕಲ್ಲ, ಹೆದರಿಸುವುದಕ್ಕೆ. ಒಂದೂರು ಉರಿದರೆ ಹತ್ತೂರು ತಲೆ ಬಾಗುತ್ತವೆ ಅಂತ. ಒಮ್ಮೆ ಆಚೆ ದಡದ ಕೆಂಚನಹಾಳಿನ ಬಾಗಿಲಲ್ಲೂ ಬೂದಿ ಬಿತ್ತು. ಗಂಗಮಾಳವ್ವ ಮಗಳನ್ನು ಕೊಟ್ಟದ್ದು ಆ ಊರಿಗೇ. ಮಗಳು ಹಸಿ ಬಾಣಂತಿ.

ಅವತ್ತೇ ಐದಾರು ಜನ ಗಾಯಗೊಂಡವನೊಬ್ಬನನ್ನು ಹೊತ್ತು ತಂದು, ನಡುಗಡ್ಡೆಗೆ ಬಿಡು ಅಂದರಂತೆ. ಮುಖ ಮುಚ್ಚಿತ್ತು. ಉಗುರ ಸಂದಿಯ ಬೂದಿ ಅವಳಿಗೆ ಕಂಡಿತು, ಇವನೇ ಬೂದಿಗುಂಡ ಅಂತ ತಿಳಿಯಿತು. ಬಾಯಿ ಬಿಡದೆ ದಾಟಿಸಿ, ತಿರುಗಿ ಬಂದವಳೇ ದಳವಾಯಿ ಹಂಪಣ್ಣನ ಡೇರೆಗೆ ಓಡಿ ಸುದ್ದಿ ಮುಟ್ಟಿಸಿದಳು. ಈಚೆ ದಡದಲ್ಲಿ ಅವನ ಇನ್ನೂರು ಜನ ಬೀಡುಬಿಟ್ಟಿದ್ದರು. ಆ ಡೇರೆಗಳನ್ನು ನೋಡಿಯೇ ಕೆಂಚನಹಾಳಿನವರು ಊರು ಬಿಡದೆ ಕೂತಿದ್ದರು. ದಂಡು ಎದುರಿಗೇ ಇದೆಯಲ್ಲ, ಅಂದುಕೊಂಡು.

ಆದರೆ ಕಾಳಗಕ್ಕೆ ಅಪ್ಪಣೆಯೆಂದು ದೊರೆ ರಣವೀಳ್ಯ ಕೊಡದೆ ದಂಡು ಹೊಳೆ ದಾಟುವಂತಿರಲಿಲ್ಲ. ಹಂಪಣ್ಣ ದೊರೆಯ ಬಳಿಗೆ ಕುದುರೆಯಾಳನ್ನು ಓಡಿಸಿದ. ಉತ್ತರ ಬಂತು. ಮಹಾನವಮಿಗೆ ಇನ್ನು ಒಂಬತ್ತು ದಿನವಿದೆ, ಅವತ್ತು ಸುತ್ತಲ ಪಾಳೆಗಾರರೆಲ್ಲ ಸೇರುತ್ತಾರೆ, ಅವರೆದುರು ವೀಳ್ಯ ಕೊಡುತ್ತೇನೆ, ಈಗ ಹಿಡಿದರೆ ನೋಡುವವರು ಯಾರು ಅಂದನಂತೆ ದೊರೆ.

ಹಂಪಣ್ಣ ಕತ್ತಿ ಮಸೆಯುತ್ತ ಕೂತ. ಗಂಗಮಾಳವ್ವ ದಿನವೂ ಹೋಗಿ ಕೇಳಿದಳು, ದಿನವೂ ಅವನು ಮಸೆಯುತ್ತಲೇ ಇದ್ದ. ಬೂದಿ ಬಿದ್ದ ನಾಲ್ಕನೆಯ ದಿನ ಅವಳು ಕೇಳಿದಳಂತೆ:

"ಯಾಕಪ್ಪಾ ದಳವಾಯಿ, ನಿನ್ನ ಕತ್ತಿಗೆ ಎಲೆಅಡಿಕೆ ತಿನ್ನದೆ ಹಲ್ಲು ಬರೋದಿಲ್ಲವಾ?"

"ಅಪ್ಪಣೆ ಇಲ್ಲದೆ ಕಡಿದರೆ ನಾನೂ ಅವನೂ ಒಂದೇ ಆಗ್ತೀವಿ, ತಾಯಿ."

"ಅಪ್ಪಣೆ ಬರೋವರೆಗೆ ನನ್ನ ಮೊಮ್ಮಗು ಉಸಿರು ಹಿಡಿದುಕೊಂಡಿರಬೇಕಾ?"

ಹಂಪಣ್ಣ ಮತ್ತೆ ಕತ್ತಿ ಮಸೆಯತೊಡಗಿದ. ಮಗಳನ್ನಾದರೂ ಕರೆತರುತ್ತೇನೆಂದು ಅವಳು ಹರಿಗೋಲು ನೂಕಿದಳು. ನಡುನೀರಿನಲ್ಲಿದ್ದಾಗಲೇ ಹೊಗೆ ಎದ್ದಿತು. ಇನ್ನೂರು ಜನ ಈ ದಡದಲ್ಲಿ ನಿಂತು ನೋಡಿದರು. ಹೌದು, ನಿಂತು ನೋಡಿದರು.

ನವಮಿಯ ಮಾರನೆಯ ದಿನ ವೀಳ್ಯ ಬಂತು. ಬೆಳ್ಳಿ ತಟ್ಟೆ, ಮೇಲೆ ಜರಿವಸ್ತ್ರ, ಮುಂದೆ ಭೇರಿ. ಬಿಸಿಲಲ್ಲಿ ಬಂದು ಎಲೆ ಬಾಡಿತ್ತು. ನಡುಗಡ್ಡೆಯಲ್ಲಿ ಗಾಯಕ್ಕೆ ಸುತ್ತಿದ ಅರಿವೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಗಂಗಮಾಳವ್ವ ಹಂಪಣ್ಣನನ್ನೂ ತಟ್ಟೆಯನ್ನೂ ಹರಿಗೋಲಿಗೆ ಹತ್ತಿಸಿಕೊಂಡಳು. ನಡುಗಡ್ಡೆಗಲ್ಲ, ನೇರ ಕೆಂಚನಹಾಳಿಗೆ ಒಯ್ದಳು. ಸುಟ್ಟ ಗೋಡೆಗಳ ನಡುವೆ ಒಂದು ತೊಟ್ಟಿಲಿನ ಚೌಕಟ್ಟು ತೋರಿಸಿ ಹೇಳಿದಳಂತೆ, "ಇಲ್ಲಿಡು. ವೀಳ್ಯ ಸಲ್ಲಬೇಕಾದವರು ಇಲ್ಲಿದ್ದಾರೆ."

ಹಂಪಣ್ಣ ಕತ್ತಿಯನ್ನು ಹೊಳೆಗೆ ಎಸೆದ ಅನ್ನುತ್ತಾರೆ ಕೆಲವರು. ಎಸೆಯಲಿಲ್ಲ, ಅದೇ ದೊರೆಯ ಚಾಕರಿಯಲ್ಲೇ ಮುದುಕನಾದ ಅನ್ನುತ್ತಾರೆ ಕೆಲವರು. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ.

ಕೆಂಚನಹಾಳು ಮತ್ತೆ ಎದ್ದು ನಿಂತಿತು. ಅಲ್ಲಿ ಇವತ್ತಿಗೂ ಅಧಿಕಾರದವರು ಯಾರೇ ಬಂದರೂ ಹಾರ ಹಾಕುವುದಿಲ್ಲ. ಹೆಂಗಸರು ತಟ್ಟೆಯಲ್ಲಿ ಒಣಗಿದ ವೀಳ್ಯದೆಲೆ ತಂದು ಮುಂದಿಡುತ್ತಾರೆ. ಬಂದವರು ಅದನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗುವವರೆಗೂ ಊರಿನವರು ಕೂರಿ ಅನ್ನುವುದಿಲ್ಲ.