ಮನೆಅಳಿಯ ನೆಟ್ಟ ಮಾವು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನಂಗೂ ಗೊತ್ತಿಲ್ಲ, ಆಫ್ರಿಕಾದಲ್ಲಿ ಒಂದು ದೊಡ್ಡ ಸರೋವರದ ಪಕ್ಕ ಇಳಿಜಾರಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಹೊಲ ಎಲ್ಲ ಹೆಂಗಸರದ್ದು, ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಮದುವೆಯಾದರೆ ಗಂಡನೇ ಚಾಪೆ ಸುತ್ತಿಕೊಂಡು ಗುದ್ದಲಿ ಹೊತ್ತುಕೊಂಡು ಹೆಂಡತಿ ಮನೆಗೆ ಬರಬೇಕು. ಜಗಳ ಆಗಿ ಓಡಿಸಿದರೋ, ಅವೆರಡನ್ನೇ ಹಿಡಿದು ವಾಪಸ್ಸು ಹೋಗಬೇಕು. ಹೊಲದಲ್ಲಿ ಅವನು ಏನೇ ಮಾಡಿಟ್ಟಿರಲಿ, ಅದು ಅವಳಿಗೇ.

ಪಾಪ ಅಲ್ವಾ ಅಜ್ಜಿ ಅವರು?

ನಮ್ಮ ಕಡೆ ಹೆಂಗಸರು ಹಾಗೇ ಹೋಗಿದ್ದು ಮಗು. ಆಗ ಪಾಪ ಅಂದೋರನ್ನ ನಾನು ಕಾಣೆ. ಸುಮ್ಮನೆ ಕೇಳು.

ಅಲ್ಲಿ ನಾಫಿರಿ ಅಂತ ಒಬ್ಬ ಮುದುಕಿ. ಮೂವರು ಹೆಣ್ಣುಮಕ್ಕಳು, ಮೂವರು ಮನೆಅಳಿಯಂದಿರು. ಮಳೆ ಬಂದಾಗೆಲ್ಲ ಅವಳ ಮೆಕ್ಕೆಜೋಳದ ಹೊಲದ ಮಣ್ಣು ಕೊಚ್ಚಿಕೊಂಡು ಸರೋವರಕ್ಕೆ ಹೋಗ್ತಿತ್ತಂತೆ, ಕಣಜ ಪ್ರತಿ ವರ್ಷ ಇನ್ನಷ್ಟು ಬೇಗ ಖಾಲಿಯಾಗ್ತಿತ್ತಂತೆ. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ ಮೇಲೆ ಮರ ನೆಟ್ಟರೆ ಮಣ್ಣು ನಿಲ್ಲತ್ತೆ. ಪಟ್ಟಣದಿಂದ ಟೋಪಿ ಹಾಕಿಕೊಂಡವರು ಬಂದು ಅದನ್ನೇ ಹೇಳಿ, ಈ ಜನಕ್ಕೆ ತಿಳಿವಳಿಕೆ ಸಾಲದು ಅಂದುಕೊಂಡು ಹೋದರಂತೆ. ತಿಳಿಯದೆ ಏನು? ಬದು ಹಾಕಬೇಕಾದವರು ಅಳಿಯಂದಿರು. ನಾಳೆ ಓಡಿಸಿದರೆ ಆ ಮರ ಯಾರದ್ದು?

ಅದಕ್ಕೇ ದೊಡ್ಡಳಿಯ ದುಡಿದದ್ದನ್ನೆಲ್ಲ ಆಡು ಮಾಡಿ ತನ್ನ ಅಕ್ಕನ ಊರಲ್ಲಿ ಕಟ್ಟಿದನಂತೆ. ಆಡಾದರೆ ನನ್ನ ಹಿಂದೆ ನಡೆದು ಬರತ್ತೆ, ಮರ ಬರತ್ತಾ ಅಂದನಂತೆ. ಎರಡನೆಯವನು ಒಂದೇ ಫಸಲಿಗೆ ಕಾಸಾಗೋ ಹೊಗೆಸೊಪ್ಪು ಬೆಳೆದು, ಬಂದದ್ದನ್ನ ಮಡಕೆಗೆ ಹಾಕಿ, ಎಲ್ಲಿ ಅಂತ ಹೆಂಡತಿಗೂ ಹೇಳದೆ ಹೂತನಂತೆ. ಆಮೇಲೆ ಜಾಗ ಅವನಿಗೇ ಮರೆತುಹೋಗಿ ಬೇಸಿಗೆ ಪೂರ್ತಿ ಅಂಗಳ ಅಗೆದನಂತೆ. ಬದು ಹಾಕು ಅಂದಾಗ ನೋಯ್ತಿದ್ದ ಸೊಂಟ ಆಗ ನೋಯಲಿಲ್ಲ.

ಕೊನೆ ಮಗಳು ತಿಯಂಜಾನೆ. ಅವಳ ಗಂಡ ಮಸೌಕೊ. ಆ ಊರಲ್ಲಿ ಅತ್ತೆ ಅಳಿಯ ಎದುರೆದುರು ಮಾತಾಡೋ ಹಾಗಿಲ್ಲ. ಅವನು ಅಂಗಳದಲ್ಲಿ ಕೂತು ಗುದ್ದಲಿಗೆ ಹೇಳಿದನಂತೆ: ಅಯ್ಯಾ ಗುದ್ದಲಿ, ನಾನು ಬದು ಹಾಕಿ ಮಾವು ನೆಡ್ತೀನಿ. ಇವರಾಗಿ ಓಡಿಸಿದರೆ ನಿಂತಿರೋ ಒಂದೊಂದು ಮರಕ್ಕೂ ಒಂದೊಂದು ಆಡು ಕೊಡಲಿ. ನಾನಾಗಿ ಹೋದರೆ ಏನೂ ಬೇಡ.

ಮುದುಕಿ ಒನಕೆಗೆ ಹೇಳಿದಳಂತೆ: ಎಲೆ ಒನಕೆ, ಇವನು ಕೂರೋ ಮೊದಲೇ ಏಳೋ ಯೋಚನೆ ಮಾಡ್ತಾನೆ ನೋಡು.

ಗುದ್ದಲಿ, ನಿಂಗೆ ಗೊತ್ತಾ, ನನಗಿಂತ ಮೊದಲು ತಿಯಂಜಾನೆಗಿದ್ದ ಗಂಡನ್ನ ಓಡಿಸಿದ್ದು ಈ ಒನಕೆ ಹಿಡಿದವರೇ ಅಂತೆ.

ಒನಕೆ ಜೋಳ ಕುಟ್ಟಕ್ಕೆ ಹೋಯ್ತು. ಆಮೇಲೆ ಮುದುಕಿಯ ತಮ್ಮ ಬಂದ. ಮದುವೆ ಮಾಡೋದೂ ಮುರಿಯೋದೂ ಅಲ್ಲಿ ಸೋದರಮಾವನ ಕೆಲಸ. ಅವನು ಊರವರ ಮುಂದೆ ಆ ಆಡಿನ ಮಾತು ಗಟ್ಟಿ ಮಾಡಿಸಿದನಂತೆ, ಮಸೌಕೊ ಬದು ಹಾಕಿ ಮಾವಿನ ಸಸಿ ನೆಟ್ಟನಂತೆ. ಮುದುಕಿಗೆ ಮಾತ್ರ ನಿದ್ದೆ ಇಲ್ಲ. ಒಂದಲ್ಲ ಒಂದು ದಿನ ಇವನು ಬೇಕಂತಲೇ ಓಡಿಸಿಕೊಂಡು ಆಡು ಕಿತ್ತುಕೊಳ್ತಾನೆ, ಇವನಾಗೇ ಹೋಗೋ ಹಾಗೆ ಮಾಡಬೇಕು ಅಂದುಕೊಂಡಳಂತೆ.

ಮೊದಲು ಸಸಿಗಳ ಮೇಲೆ ಪಕ್ಕದ ಮನೆ ಆಡು ಬಿಡಿಸಿದಳು. ಅವನು ಸುತ್ತ ಮುಳ್ಳು ಕಟ್ಟಿದ. ಆಮೇಲೆ ಮಗಳ ಕೈಲಿ ಜೋಳದ ಮುದ್ದೆ ಸೀಯಿಸಿ ಬಡಿಸಿದಳು. ರುಚಿಯಾಗಿದೆ ಅಂತ ಇನ್ನೊಂದು ಹಾಕಿಸಿಕೊಂಡ. ಮುದುಕಿಗೆ ಅನುಮಾನ ಇನ್ನೂ ಬಲವಾಯ್ತಂತೆ, ಇಷ್ಟು ಒಳ್ಳೆಯವನು ಭೂಮಿ ಮೇಲೆ ಇರಕ್ಕಾಗಲ್ಲ ಅಂತ. ಆಮೇಲೆ ಮಳೆ ಹಿಡಿಯೋ ಹೊತ್ತಿಗೆ, ನಿನ್ನ ಅಕ್ಕನ ಮನೆ ಚಾವಣಿ ಬಿದ್ದಿದೆಯಂತೆ, ಹೋಗಪ್ಪ ಅಂತ ತಮ್ಮನ ಕೈಲಿ ಸುಳ್ಳು ಹೇಳಿಸಿದಳು. ಅವನು ಹೊರಟೇಹೋದ.

ಮುದುಕಿ, ಹೋದ, ಅವನಾಗೇ ಹೋದ ಅಂತ ಕುಣಿದಳು. ಕುಣೀತಿದ್ದ ಹಾಗೇ ಮಳೆ ಸುರೀತು. ಬದು ಒಂದು ಕಡೆ ಒಡೆದು ಬಿತ್ತಿದ ಬೀಜ ಸಮೇತ ಹೊಲ ಜಾರಕ್ಕೆ ಶುರುವಾಯ್ತು. ಮನೇಲಿದ್ದ ಬೀಜ ಅಷ್ಟೇ, ಹೋದರೆ ಆ ವರ್ಷ ಊಟ ಇಲ್ಲ. ದೊಡ್ಡಳಿಯನ ಕರೆದರೆ, ಅದು ನನ್ನ ಬದು ಅಲ್ಲ ಅಂದ. ಎರಡನೆಯವನಿಗೆ ಸೊಂಟ. ಮುದುಕಿ, ತಿಯಂಜಾನೆ ಇಬ್ಬರೇ ಕೆಸರಲ್ಲಿ ಕೂತು ಬರಿಗೈಲಿ ಮಣ್ಣು ತುಂಬ್ತಾ ಇದ್ದರಂತೆ, ತುಂಬಿದಷ್ಟೂ ಹೋಗ್ತಿತ್ತಂತೆ.

ಅಷ್ಟರಲ್ಲಿ ಮಸೌಕೊ ಬಂದ. ಅಕ್ಕನ ಚಾವಣಿ ನೆಟ್ಟಗಿದ್ದದ್ದು ನೋಡಿ ಅರ್ಥವಾಗಿ, ನೀರೂ ಕುಡಿಯದೆ ತಿರುಗಿದ್ದ. ಮುದುಕಿ ತಲೆ ಎತ್ತಿದಳು. ಒನಕೆ ಎಲ್ಲಿಂದ ಬರಬೇಕು ಅಲ್ಲಿ? ಮುಖ ನೋಡೇ ಕೇಳಿದಳಂತೆ, ಯಾಕೆ ಬಂದೆ?

ನೀವು ಓಡಿಸಿದ್ದು ಹೌದಾ ಅಲ್ವಾ ಅಂತ ಕೇಳಕ್ಕೆ.

ಹೌದು ಅಂದರೆ?

ಆಡು ಕೊಡಿ.

ಅಷ್ಟೊಂದು ಆಡು ನನ್ನ ಹತ್ತಿರ ಇಲ್ಲ ಕಣಪ್ಪ.

ಹಾಗಾದರೆ ಈಚೆ ಸರೀರಿ ಅಂತ ಗುದ್ದಲಿ ಹಾಕಿದನಂತೆ. ಹೊಲ ನಿಂತಿತು.

ಆಮೇಲೆ ಬೇರು ಇಳಿದಷ್ಟೂ ಅವನನ್ನ ಓಡಿಸೋದು ಅವಳಿಗೆ ದುಬಾರಿ, ಬಿಟ್ಟು ಹೋಗೋದು ಅವನಿಗೆ ನಷ್ಟ. ಅದನ್ನ ನೋಡಿ ಉಳಿದಿಬ್ಬರೂ ಅದೇ ಮಾತು ಮಾಡಿಸಿಕೊಂಡು ಬದು ಹಾಕಿದರಂತೆ. ಅತ್ತೆಯೇ ಎದುರಿಗೆ ನಿಂತು ಬೈದು ಮಾಡಿಸಿದಳಂತೆ.

ಆಮೇಲೆ ಒಬ್ಬರನ್ನೊಬ್ಬರು ನಂಬಿದರಾ ಅಜ್ಜಿ?

ಎಲ್ಲಿ ನಂಬ್ತಾರೆ. ಊರವರು ಅದನ್ನ ಪ್ರೀತಿ ಅಂದರಂತೆ, ಅನ್ನಲಿ. ಮುಂದಿನ ಕೊಯ್ಲಿನವರೆಗೂ ಕಣಜದಲ್ಲಿ ಜೋಳ ಇತ್ತು. ಹೊಟ್ಟೆ ತುಂಬ ಉಂಡು, ಉಂಡ ಶಕ್ತಿಯಲ್ಲಿ ಜಗಳ ಆಡಿಕೊಂಡು, ಒಂದೇ ಅಂಗಳದಲ್ಲಿ ಮುದುಕರಾದರಂತೆ. ಅದಕ್ಕಿಂತ ಹೆಚ್ಚಿಗೆ ಸುಖವಾಗಿದ್ದರು ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ. ಕತೆ ಮುಗೀತು, ಕಾಲು ಒಳಗೆ ಎಳಕೊಂಡು ಹೊದ್ದುಕೊ.