ರೈಫಲ್ ಮತ್ತು ಪುಟ್ಟ ಕೊಕ್ಕೆ

ಗಡಿ ಕಾವಲಿಗೆ ಹೊರಡಬೇಕಿದ್ದ ಅರೆಸ್ವಯಂಚಾಲಿತ ರೈಫಲ್ ಅಭ್ಯಾಸದಲ್ಲಿ ಮೂರನೇ ಗುಂಡಿಗೇ ಕಚ್ಚಿಕೊಂಡಿತು. ಖಾಲಿ ತೋಟಾ ಹೊರಬೀಳಲಿಲ್ಲ.

"ತಪ್ಪು ತೋಟಾದ್ದು," ಎಂದಿತು ರೈಫಲ್.

ಹವಾಲ್ದಾರ್ ಚಿಣ್ಣಪ್ಪ ಅದರ ಗುಂಡುಗಳನ್ನು ತೆಗೆದು, ಎಂದಿನಂತೆ ಅರೆಬರೆಯಾಗಿ ಅಲ್ಲದೆ ಈ ಸಲ ಪೂರ್ತಿ ಬಿಚ್ಚಿ, ಭಾಗಗಳನ್ನು ಬಟ್ಟೆಯ ಮೇಲೆ ಹರಡಿದರು. ತನ್ನೊಳಗೆ ಇಷ್ಟೆಲ್ಲ ಇದೆಯೆಂದು ರೈಫಲ್ ಬೆರಗಾಯಿತು. ಅವರು ಉಗುರಿನಷ್ಟು ಪುಟ್ಟ ಕೊಕ್ಕೆಯೊಂದನ್ನು ಎತ್ತಿ, ಮೆತ್ತಿದ್ದ ಮಸಿಯನ್ನು ಉಜ್ಜತೊಡಗಿದರು.

"ನೀನು ಯಾರು?" ಎಂದು ರೈಫಲ್ ಕೇಳಿತು.

"ಪ್ರತಿ ಸಲ ಖಾಲಿ ತೋಟಾವನ್ನು ಹೊರಗೆಳೆಯುವುದು ನಾನೇ," ಎಂದಿತು ಕೊಕ್ಕೆ.

"ಹನ್ನೆರಡು ವರ್ಷ ಜೊತೆಗಿದ್ದೂ ನೀನು ಮಾತಾಡಲಿಲ್ಲವಲ್ಲ?"

"ಮಾತಾಡಿದ್ದೆ. ನಿಮ್ಮ ಸದ್ದಿನಲ್ಲಿ ಕೇಳಿಸಲಿಲ್ಲ."

ಮರುದಿನ ಇಪ್ಪತ್ತು ಗುಂಡುಗಳೂ ಸಲೀಸಾಗಿ ಹಾರಿದವು. ಎಲ್ಲರೂ ಗುರಿಯನ್ನು ನೋಡುತ್ತಿದ್ದರು. ರೈಫಲ್ ಮಾತ್ರ, ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದ ಖಾಲಿ ತೋಟಾಗಳ ಸಣ್ಣ ಸದ್ದನ್ನು ಆಲಿಸುತ್ತಿತ್ತು.